ಹಳೇ ಕಾರ್ಟೂನ್ ಲಿಸ್ಟ್ ಮಾಡೋಕೆ ಯಾವ ಗೈಡ್ ನಂಬೋದು? ಆನಿಮೇಟರ್ ಮೇಡಂ ಉತ್ತರ ಕೊಟ್ಟಿದ್ದಾರೆ

ಪ್ರಶ್ನೆ: ನಮಸ್ತೆ ಮೇಡಂ. ನಾನು, ನನ್ನ ತಮ್ಮ ಸೇರ್ಕೊಂಡು ಟಾಮ್ ಅಂಡ್ ಜೆರ್ರಿ, ಬಗ್ಸ್ ಬನ್ನಿ ಎಲ್ಲಾ ಹಾಕಿ ಒಂದು ಎಕ್ಸೆಲ್ ಶೀಟ್ ಮಾಡ್ತಾ ಇದೀವಿ, ಯಾವ ವರ್ಷ, ಡೈರೆಕ್ಟರ್ ಯಾರು, ಕಥೆ ಏನು ಅಂತ. ಒಂದೊಂದು ಕಡೆ ಒಂದೊಂದು ವರ್ಷ ಇದೆ, ಕೆಲವದರಲ್ಲಿ ಡೈರೆಕ್ಟರ್ ಹೆಸರೇ ಇಲ್ಲ. ಮರಕುಟಿಗದ ಮರಿ ಜೆರ್ರೀನ ಅಮ್ಮ ಅನ್ಕೊಂಡು ಹಿಂದೆ ಬೀಳುತ್ತಲ್ಲ, ಅದಕ್ಕೆ ಒಂದು ಕಡೆ 1949 ಅಂತಿದೆ, ಇನ್ನೊಂದು ಕಡೆ 1956. ಯಾವ್ದು ಸರಿ? ನಂಬೋಂಥ ಗೈಡ್ ಬುಕ್ ಇದ್ರೆ ಹೇಳಿ.

ಉತ್ತರ: ಎರಡೂ ಸರಿ, ಯಾಕಂದ್ರೆ ಅವು ಎರಡು ಬೇರೆ ಬೇರೆ ಕಾರ್ಟೂನ್. 1949ರದ್ದು 'ಹ್ಯಾಚ್ ಅಪ್ ಯುವರ್ ಟ್ರಬಲ್ಸ್', 1956ರದ್ದು 'ದಿ ಎಗ್ ಅಂಡ್ ಜೆರ್ರಿ'. ಆಗ ಥಿಯೇಟರ್‌ಗಳಿಗೆ ಸಿನಿಮಾಸ್ಕೋಪ್ ಅಂತ ಅಗಲದ ಪರದೆ ಬಂದಿತ್ತು, ಹಾಗಾಗಿ ಟಾಮ್ ಅಂಡ್ ಜೆರ್ರಿ ಡೈರೆಕ್ಟರ್‌ಗಳಾದ ಹ್ಯಾನಾ, ಬಾರ್ಬೆರಾ ಇಬ್ಬರೂ ಹಳೇ ಡ್ರಾಯಿಂಗ್‌ಗಳನ್ನೇ ಮತ್ತೆ ಟ್ರೇಸ್ ಮಾಡಿಸಿ, ಅಗಲವಾದ ಹೊಸ ಬ್ಯಾಕ್‌ಗ್ರೌಂಡ್ ಹಾಕಿ ಅದೇ ಕಥೆ ಮತ್ತೆ ತೆಗೆದ್ರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡನೇದರಲ್ಲಿ ಔಟ್‌ಲೈನ್ ದಪ್ಪ, ಹಿಂದಿನ ಗೋಡೆ ಸೋಫಾ ಎಲ್ಲಾ ಚಪ್ಪಟೆ ಬಣ್ಣ. 'ದಿ ಲಿಟ್ಲ್ ಆರ್ಫನ್' ಕೂಡ ಹಿಂಗೇ 1957ರಲ್ಲಿ 'ಫೀಡಿನ್ ದ ಕಿಡ್ಡಿ' ಆಗಿ ಬಂತು. ಕಥೆ ನೋಡಿ ಲಿಸ್ಟ್ ಮಾಡಿದ್ರೆ ಎರಡೂ ಒಂದೇ ಅನ್ಸುತ್ತೆ, ಶುರುವಲ್ಲಿ ಹೆಸರುಗಳು ಬರೋ ಟೈಟಲ್ ಕಾರ್ಡ್ ನೋಡಿ ಮಾಡಿದ್ರೆ ಮಾತ್ರ ಬೇರೆ ಅಂತ ಗೊತ್ತಾಗೋದು.

ಆದ್ರೆ ಟೈಟಲ್ ಕಾರ್ಡನ್ನೂ ಪೂರ್ತಿ ನಂಬೋ ಹಾಗಿಲ್ಲ, ಹೆಸರು ಸಿಗಲ್ಲ ಅಂದ್ರಲ್ಲ ಅದಕ್ಕೆ ಕಾರಣ ಇಲ್ಲೇ ಇದೆ. ಬಗ್ಸ್ ಬನ್ನಿ ಮಾಡಿದ ವಾರ್ನರ್ ಸ್ಟುಡಿಯೋದವರು 1943ರಿಂದ ಹಳೇ ಕಲರ್ ಕಾರ್ಟೂನ್‌ಗಳನ್ನ 'ಬ್ಲೂ ರಿಬ್ಬನ್' ಅನ್ನೋ ಹೊಸ ಟೈಟಲ್ ಹಾಕಿ ಮತ್ತೆ ಬಿಡೋಕೆ ಶುರು ಮಾಡಿದ್ರು, ಹಾಗೆ ಬಿಡುವಾಗ ಮೊದಲಿನ ಟೈಟಲ್‌ನೇ ಕತ್ತರಿಸಿ ತೆಗೆದುಬಿಟ್ರು, ಡೈರೆಕ್ಟರ್, ಆನಿಮೇಟರ್, ಕಥೆ ಬರೆದವರು ಎಲ್ಲರ ಹೆಸರೂ ಅದರ ಜೊತೆ ಹೋಯ್ತು. ಬಗ್ಸ್ ಬನ್ನಿಯ ಮೊದಲ ಕಾರ್ಟೂನ್ ಅಂತ ಎಲ್ಲರೂ ಒಪ್ಪೋ 'ಎ ವೈಲ್ಡ್ ಹೇರ್' (1940, ಡೈರೆಕ್ಟರ್ ಟೆಕ್ಸ್ ಏವರಿ) ಕೂಡ ಬಿಟ್ಟಿಲ್ಲ. 1944ರಲ್ಲಿ ಮತ್ತೆ ಬಂದಾಗ ಹೆಸರು 'ದಿ ವೈಲ್ಡ್ ಹೇರ್' ಆಯ್ತು, ಟೆಕ್ಸ್ ಏವರಿ ಹೆಸರು ಮಾಯ. ಒಳಗೆ ಒಂದು ಡೈಲಾಗ್ ಕೂಡ ಬದಲಾಗಿದೆ. ಬಗ್ಸ್ ಹಿಂದಿನಿಂದ ಬಂದು ಬೇಟೆಗಾರ ಎಲ್ಮರ್ ಕಣ್ಣು ಮುಚ್ಚಿ ನಾನ್ಯಾರು ಹೇಳು ಅಂತಾನಲ್ಲ, ಆಗ ಎಲ್ಮರ್ ಸಿನಿಮಾ ನಟಿಯರ ಹೆಸರು ಒಂದೊಂದೇ ಹೇಳ್ತಾನೆ. ಮೊದಲ ಪ್ರಿಂಟಲ್ಲಿ, ಅಂದ್ರೆ 1940ರ ಫಿಲಂ ಕಾಪಿಯಲ್ಲಿ, ಕ್ಯಾರಲ್ ಲೊಂಬಾರ್ಡ್ ಅಂತಾನೆ. ಆಕೆ 1942ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು, ಅದಕ್ಕೆ ಮರುಬಿಡುಗಡೆಯಲ್ಲಿ ಆ ಜಾಗಕ್ಕೆ ಬಾರ್ಬರಾ ಸ್ಟ್ಯಾನ್‌ವಿಕ್ ಹೆಸರು ಡಬ್ ಮಾಡಿದ್ರು. ನಿಮ್ಮ ಹತ್ರ ಇರೋ ಫೈಲ್‌ನಲ್ಲಿ ಯಾರ ಹೆಸರು ಕೇಳುತ್ತೆ ನೋಡಿ, ಅದು ಯಾವ ಪ್ರಿಂಟ್ ಅಂತ ತಕ್ಷಣ ಗೊತ್ತಾಗುತ್ತೆ.

ಈ ಕತ್ತರಿಸಿದ ಹೆಸರುಗಳನ್ನ ಮತ್ತೆ ಹುಡುಕಿ ಕೂರಿಸಿದ್ದು ಸ್ಟುಡಿಯೋ ಅಲ್ಲ, ಅಭಿಮಾನಿಗಳು. ಅಮೆರಿಕದ ಕಾಪಿರೈಟ್ ಆಫೀಸಿನ ಕ್ಯಾಟಲಾಗು, ಥಿಯೇಟರ್ ಮಾಲೀಕರು ಓದ್ತಿದ್ದ ವ್ಯಾಪಾರದ ಪತ್ರಿಕೆಗಳು, ಕಲೆಕ್ಟರ್‌ಗಳ ಮನೇಲಿದ್ದ 16 ಎಂಎಂ ಪ್ರಿಂಟುಗಳು, ಇವನ್ನೆಲ್ಲಾ ತಾಳೆ ಹಾಕಿದ್ರು. ಜೆರ್ರಿ ಬೆಕ್ ಮತ್ತೆ ವಿಲ್ ಫ್ರೀಡ್‌ವಾಲ್ಡ್ 1989ರಲ್ಲಿ ತಂದ ವಾರ್ನರ್ ಕಾರ್ಟೂನ್‌ಗಳ ಗೈಡ್ ಇದೆಯಲ್ಲ, ಒಂದೊಂದು ಕಾರ್ಟೂನಿಗೂ ಬಿಡುಗಡೆ ದಿನಾಂಕ, ಡೈರೆಕ್ಟರ್, ಕಥೆ ಕೊಟ್ಟಿದ್ದಾರೆ, ಬಗ್ಸ್ ಬನ್ನಿಗೆ ನಾನು ಮೊದಲು ತೆಗೆಯೋದು ಅದನ್ನೇ. ಎಲ್ಲಾ ಸ್ಟುಡಿಯೋದ್ದೂ ಬೇಕು ಅಂದ್ರೆ ಲೆನರ್ಡ್ ಮಾಲ್ಟಿನ್ 1980ರಲ್ಲಿ ಬರೆದ 'ಆಫ್ ಮೈಸ್ ಅಂಡ್ ಮ್ಯಾಜಿಕ್', ಕೊನೇಲಿ ಸ್ಟುಡಿಯೋವಾರು ಪಟ್ಟಿ ಇದೆ.

ಕಾಮೆಂಟ್: ಮೇಡಂ, ಕೆಲವು ಟಾಮ್ ಅಂಡ್ ಜೆರ್ರಿಯಲ್ಲಿ ಸೌಂಡೆಲ್ಲಾ ಬಿಂದಿಗೆ ಒಳಗಿಂದ ಬಂದ ಹಾಗಿರುತ್ತೆ, ಓಡೋದೂ ಒಂಥರಾ ಜರ್ಕ್ ಜರ್ಕ್. ಅವು ಡೂಪ್ಲಿಕೇಟಾ?

ಉತ್ತರ: ಇಲ್ಲಪ್ಪ, ಅಸಲಿಯೇ. ಟಾಮ್ ಅಂಡ್ ಜೆರ್ರಿ ತೆಗೀತಿದ್ದ ಎಂಜಿಎಂ ಸ್ಟುಡಿಯೋ 1957ರಲ್ಲಿ ತನ್ನ ಕಾರ್ಟೂನ್ ವಿಭಾಗ ಮುಚ್ಚಿಬಿಡ್ತು. ಆಮೇಲೆ 1961–62ರಲ್ಲಿ ಜೀನ್ ಡೈಚ್ ಅನ್ನೋರು ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ ಕೂತು, ತುಂಬಾ ಕಮ್ಮಿ ದುಡ್ಡಲ್ಲಿ 13 ಕಾರ್ಟೂನ್ ಮಾಡಿಕೊಟ್ರು. ಆಗ ಅದು ಕಮ್ಯುನಿಸ್ಟ್ ದೇಶ, ಅಮೆರಿಕದವರಿಗೆ ಗೊತ್ತಾಗಬಾರದು ಅಂತ ಕೆಲಸ ಮಾಡಿದವರ ಚೆಕ್ ಹೆಸರುಗಳನ್ನ ಇಂಗ್ಲಿಷ್ ಥರ ತಿರುಚಿ ಹಾಕಿದ್ರು. ಸಂಗೀತ ಮಾಡಿದ ವಾಕ್ಲಾವ್ ಲೀಡ್ಲ್ ಟೈಟಲ್‌ನಲ್ಲಿ ವಿಕ್ಟರ್ ಲಿಟ್ಲ್! ಒಬ್ಬ ಕಲಾವಿದ ಕಷ್ಟಪಟ್ಟು ಮಾಡಿದ ಕೆಲಸಕ್ಕೆ ಅವನದ್ದಲ್ಲದ ಹೆಸರು, ನನಗೆ ಇದು ಈಗಲೂ ಸಂಕಟ ಆಗೋ ವಿಷಯ. ನಿಮ್ಮ ಶೀಟಲ್ಲಿ ದಯವಿಟ್ಟು ನಿಜವಾದ ಹೆಸರೇ ಹಾಕಿ. 1963ರಿಂದ 67ರ ತನಕದ 34 ಚಕ್ ಜೋನ್ಸ್ ಅವರದ್ದು, ಟಾಮ್‌ಗೆ ದಪ್ಪ ಹುಬ್ಬು, ಜೆರ್ರಿಗೆ ದೊಡ್ಡ ಕಿವಿ, ನೋಡಿದ ಕೂಡ್ಲೇ ಗೊತ್ತಾಗುತ್ತೆ. ಇವೆರಡೂ ಬಿಟ್ರೆ ಮೊದಲಿನ 114 ಹ್ಯಾನಾ–ಬಾರ್ಬೆರಾ ಅವರದ್ದು, 1940ರಿಂದ 1958 (ವಿಭಾಗ ಮುಚ್ಚೋಕೆ ಮುಂಚೆ ಮುಗಿಸಿದ್ದವು 58ರ ತನಕ ಬಿಡುಗಡೆ ಆದ್ವು).

ಕಾಮೆಂಟ್: ಅಕ್ಕಾ, ಕೆಲವರು ಈ ಶಾಟ್ ಇಂಥವರು ಬರೆದಿದ್ದು ಅಂತ ವಿಡಿಯೋ ಮೇಲೇ ಹೆಸರು ಹಾಕ್ತಾರಲ್ಲ, ಅದನ್ನ ಹೆಂಗೆ ನಂಬೋದು? ಟೈಟಲ್‌ನಲ್ಲಿ ಅಷ್ಟು ಹೆಸರೇ ಇರಲ್ವಲ್ಲ.

ಉತ್ತರ: ಒಳ್ಳೇ ಪ್ರಶ್ನೆ, ನಾನು ಕ್ಲಾಸಲ್ಲಿ ತುಂಬಾ ಹೊತ್ತು ಹೇಳ್ಕೊಡೋದೇ ಇದನ್ನ. 1940ರ ಸುಮಾರಿಗೆ ವಾರ್ನರ್‌ನಲ್ಲಿ ಒಂದು ಕಾರ್ಟೂನಿಗೆ ಮೂರು ನಾಲ್ಕು ಜನ ಆನಿಮೇಟ್ ಮಾಡಿದ್ರೂ ಪರದೆ ಮೇಲೆ ಒಬ್ಬರ ಹೆಸರು, ಸರದಿ ಪ್ರಕಾರ. ದನಿಯಲ್ಲೂ ಅಷ್ಟೇ, ವರ್ಷಾನುಗಟ್ಟಲೆ ಮೆಲ್ ಬ್ಲಾಂಕ್ ಹೆಸರು ಮಾತ್ರ ಕಾಣೋದು, ಎಲ್ಮರ್‌ಗೆ ದನಿ ಕೊಟ್ಟ ಆರ್ಥರ್ ಕ್ಯೂ. ಬ್ರಯಾನ್ ಹೆಸರು ಬರ್ತಾ ಇರ್ಲಿಲ್ಲ. ಡಿಸ್ನಿಯಲ್ಲಿ ಯಾವ ಸೀನ್ ಯಾರಿಗೆ ಕೊಟ್ರು ಅಂತ ಡ್ರಾಫ್ಟ್ ಅನ್ನೋ ಕಾಗದಗಳು ಉಳಿದಿವೆ, ಅಲ್ಲಿ ವಾದವೇ ಇಲ್ಲ. ವಾರ್ನರ್‌ಗೆ ಬಂದ್ರೆ ಕಣ್ಣನ್ನೇ ನಂಬಬೇಕು, ಮತ್ತೆ ಸಂದರ್ಶನಗಳನ್ನ. ಮೈಕಲ್ ಬ್ಯಾರಿಯರ್ ಅಂತ ಒಬ್ಬರು 1960ರ ದಶಕದ ಕೊನೆಯಿಂದ ಹಳೇ ಆನಿಮೇಟರ್‌ಗಳನ್ನ ಹುಡ್ಕೊಂಡು ಹೋಗಿ ಟೇಪ್ ಮಾಡ್ಕೊಂಡ್ರು, ಅದು ಆಗದೇ ಇದ್ದಿದ್ರೆ ಅರ್ಧ ವಿಷಯ ಅವರ ಜೊತೆಗೇ ಹೋಗಿರೋದು.

ಕಣ್ಣಲ್ಲಿ ಗುರುತಿಸೋದು ಹೆಂಗೆ ಅಂದ್ರೆ, ವಾರ್ನರ್ ಡೈರೆಕ್ಟರ್ ಬಾಬ್ ಕ್ಲ್ಯಾಂಪೆಟ್ ಅವರ 1940ರ ದಶಕದ ಯಾವುದಾದ್ರೂ ಒಂದು ಕಾರ್ಟೂನ್ ತಗೊಂಡು ಫ್ರೇಮ್ ಫ್ರೇಮ್ ನಿಲ್ಲಿಸ್ತಾ ಹೋಗಿ. ರಾಡ್ ಸ್ಕ್ರಿಬ್ನರ್ ಬರೆದ ಶಾಟ್ ಬಂದ್ರೆ ಮುಖದ ತುಂಬಾ ಸುಕ್ಕು, ಹಲ್ಲು ದೊಡ್ಡದು, ಕೆನ್ನೆ ಕೈ ಕಾಲು ಎಲ್ಲಾ ಎಳೆದಷ್ಟು ಬರುತ್ತೆ, ಮುಂದಿನ ಶಾಟ್ ರಾಬರ್ಟ್ ಮೆಕಿಮ್ಸನ್ ಅವರದ್ದಾದ್ರೆ ಅದೇ ಪಾತ್ರ ಗಟ್ಟಿಯಾಗಿ, ತಲೆ ಎಷ್ಟೇ ತಿರುಗಿಸಿದ್ರೂ ಆಕಾರ ಒಂಚೂರೂ ಕೆಡದೆ ಇರುತ್ತೆ. ಒಂದೇ ಮೊಲ, ಎರಡು ಕೈ. ಒಮ್ಮೆ ಕಂಡ್ರೆ ಆಮೇಲೆ ಕಾಣದೇ ಇರೋಕೆ ಸಾಧ್ಯ ಇಲ್ಲ. ಆದ್ರೂ ಬರೀ ಕಣ್ಣಿಂದ ಹೇಳಿದ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿಡಿ.

ಕಾಮೆಂಟ್: ನಮ್ ದೇಶದ ಹಳೇ ಕಾರ್ಟೂನ್‌ಗಳೂ ಶೀಟಲ್ಲಿ ಬೇಕಲ್ವಾ?

ಉತ್ತರ: ಬೇಕೇ ಬೇಕು. ಭಾರತದಲ್ಲೇ ಹುಟ್ಟಿದ ಡಿಸ್ನಿ ಆನಿಮೇಟರ್ ಕ್ಲೇರ್ ವೀಕ್ಸ್ 1956ರಲ್ಲಿ ಬಾಂಬೆಯ ಸರ್ಕಾರಿ ಫಿಲಂಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ತರಬೇತಿ ಕೊಟ್ರು, 1957ರಲ್ಲಿ 'ಬಾನಿಯನ್ ಡಿಯರ್' ಅನ್ನೋ ಕಾರ್ಟೂನ್ ಬಂತು, ಅವರ ಕೈಯಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ದೂರದರ್ಶನದಲ್ಲಿ ಬರ್ತಿದ್ದ 'ಏಕ್ ಅನೇಕ್ ಔರ್ ಏಕ್ತಾ' 1974ರದ್ದು, ವಿಜಯಾ ಮುಳೆ ಅವರದ್ದು. ಇಲ್ಲಿಂದ ಶುರು ಮಾಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಹಂಗಾದ್ರೆ ಶೀಟಲ್ಲಿ ವರ್ಷದ ಕಾಲಂ ಹೆಂಗೆ ಇಡೋದು?

ಉತ್ತರ: ಮೂರು ಮಾಡಿ. ಟೈಟಲ್ ಕೆಳಗೆ ರೋಮನ್ ಅಂಕಿಯಲ್ಲಿ ಇರೋದು ಕಾಪಿರೈಟ್ ವರ್ಷ, ಥಿಯೇಟರ್‌ಗೆ ಬಂದಿದ್ದು ಮುಂದಿನ ವರ್ಷ ಇರಬಹುದು, ಎರಡು ಗೈಡ್‌ಗಳಲ್ಲಿ ಒಂದು ವರ್ಷ ವ್ಯತ್ಯಾಸ ಕಂಡ್ರೆ ಎಷ್ಟೋ ಸಲ ಕಾರಣ ಇದೇ. ಮೂರನೇದು ಮರುಬಿಡುಗಡೆ. ಅದರ ಪಕ್ಕ, ಹೆಸರು ಪರದೆ ಮೇಲೆ ಕಂಡಿದ್ದಾ, ಬುಕ್‌ನಲ್ಲಿ ಓದಿದ್ದಾ, ಕಣ್ಣಲ್ಲಿ ಗುರುತಿಸಿದ್ದಾ ಅಂತ ಒಂದು ಕಾಲಂ. ಬ್ಲೂ ರಿಬ್ಬನ್ ಇರೋವು ಬೇರೆ ಬಣ್ಣದಲ್ಲಿ ಮಾಡಿ ಲಿಂಕ್ ಕಳ್ಸಿ, 1940ರಿಂದ 45ರವು ನಾನು ಕೂತು ನೋಡಿಕೊಡ್ತೀನಿ.