ಅಥೆನ್ಸಿನಲ್ಲಿ ಕಾರಾ, ಮೆಟ್ರೋನಾ, ಬಸ್ಸಾ?

(ಗುಂಪು: ನಮ್ಮನೆ ಮಂದಿ)

ಶ್ರೀಧರ: ಗೆಳೆಯರೊಬ್ಬರು ಕಳಿಸಿದ್ದು, ಓದಿ 👇
"ಅಥೆನ್ಸ್ ಏರ್‌ಪೋರ್ಟಿನಿಂದ ಪಿರೇಯಸ್ ಬಂದರಿಗೆ ನೇರ ಮೆಟ್ರೋ ಇಲ್ಲ. ಟ್ಯಾಕ್ಸಿ ಎಲ್ಲಿಗೆ ಹೋದರೂ 38 ಯೂರೋ. ಕಾರು ಬಾಡಿಗೆಗೆ ಹಿಡಿಯುವುದೇ ಜಾಣತನ."

ಶ್ರೀಧರ: ನಾನು ಕಾರು ಬುಕ್ ಮಾಡ್ತಿದ್ದೇನೆ.

ವಿನಯ್: ಚಿಕ್ಕಪ್ಪ, ತಡೀರಿ! ಇದು ಯಾವ ಕಾಲದ್ದು? 2022ರ ಅಕ್ಟೋಬರ್‌ನಿಂದ 3ನೇ ಲೈನ್ ಏರ್‌ಪೋರ್ಟಿಂದ ನೇರ ಪಿರೇಯಸ್‌ಗೇ ಹೋಗುತ್ತದೆ. ಟಿಕೆಟ್ 9 ಯೂರೋ.

ಪಲ್ಲವಿ: ಟ್ಯಾಕ್ಸಿ ರೇಟೂ ಹಳೆಯದು. ಈಗ ಹಗಲು 40, ರಾತ್ರಿ 12ರಿಂದ 5ರವರೆಗೆ 55. ಅದೂ ಊರಿನ ಮಧ್ಯಭಾಗಕ್ಕೆ ಮಾತ್ರ. ಬಂದರಿಗೆ ಮೀಟರ್. ರಾತ್ರಿ ಮೀಟರಿನಲ್ಲಿ 2 ಅಂತ ಕಾಣುತ್ತದೆ, ಅಂದರೆ ಜಾಸ್ತಿ ರೇಟು. ಹಗಲಲ್ಲಿ ಊರೊಳಗೇ 2 ಕಂಡರೆ ಸುಮ್ನೆ ಕೂರಬೇಡಿ, ಕೇಳಿ.

ಶ್ರೀಧರ: ಅದಕ್ಕೇ ಕಾರು ಅಂದದ್ದು. ಯಾರ ಹಂಗೂ ಬೇಡ.

ಸುಮಾ: ಇವರಿಗೆ ಮೈಸೂರಿನಲ್ಲೇ ಪಾರ್ಕಿಂಗ್ ಸಿಗಲ್ಲ. ಅಲ್ಲಿ ಬಲಗಡೆ ಓಡಿಸಬೇಕು ಬೇರೆ. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ದೀರಾ?

ಶ್ರೀಧರ: ಮಾಡಿಸ್ತೀನಿ.

ವಿನಯ್: ಮಾಡಿಸಿದರೂ ನಾವು ಹೋಗೋದು ಸ್ಯಾಂಟೊರಿನಿ ದ್ವೀಪಕ್ಕೆ. ಕಾರನ್ನು ಹಡಗಿಗೆ ಏರಿಸಲು ದುಡ್ಡು, ಬಂದರಲ್ಲೇ ಬಿಟ್ಟರೂ ದುಡ್ಡು. ಮೆಟ್ರೋ ಹತ್ತೋಣ, ಮುಗೀತು.

ಸುಮಾ: ಮುಗೀಲಿಲ್ಲ ಮರಿ. ನಮ್ಮ ವಿಮಾನ ಇಳಿಯೋದು ರಾತ್ರಿ ಒಂದೂವರೆಗೆ. ಆಗ ಮೆಟ್ರೋ ಇರುತ್ತಾ?

ವಿನಯ್: ಇಲ್ಲ... ಬೆಳಗ್ಗೆ ಶುರು.

ಸುಮಾ: ಹಡಗು 7:25ಕ್ಕೆ. ಮೊದಲ ರೈಲು ಹಿಡಿದು ಗಂಟೆ ಕೂತು ಇಳಿದರೆ ಹಡಗಿನ ಬೆನ್ನು ನೋಡಬೇಕು ಅಷ್ಟೇ. ಎಕ್ಸ್96 ಬಸ್ಸು ಇಡೀ ರಾತ್ರಿ ಓಡುತ್ತದೆ, 5.50 ಯೂರೋ. ಗ್ಲಿಫಾಡಾ ಕಡೆಯಿಂದ ಸಮುದ್ರದ ಬದಿಯಲ್ಲಿ ಸುತ್ತಿ ಪಿರೇಯಸ್‌ಗೆ ಬಿಡುತ್ತದೆ. ನಾಲ್ಕೂವರೆಗೆ ಅಲ್ಲಿದ್ದರೂ ಸಾಕು.

ಪಲ್ಲವಿ: ಚಿಕ್ಕಮ್ಮನಿಗೆ ನನ್ನ ವೋಟು. ಬಸ್ಸಿನೊಳಗೆ ಟಿಕೆಟನ್ನು ಮಿಷಿನ್‌ಗೆ ಮುಟ್ಟಿಸೋದು ಮರೀಬೇಡಿ. ಕೈಯಲ್ಲಿ ಟಿಕೆಟ್ ಇದ್ದರೂ ಮುಟ್ಟಿಸದಿದ್ದರೆ ದಂಡ.

ಶ್ರೀಧರ: ನಾಲ್ಕು ಸೂಟ್‌ಕೇಸ್ ಇಟ್ಟುಕೊಂಡು ಬಸ್ಸಾ? ನೀವೆಲ್ಲ ಸೇರಿ ನನ್ನನ್ನು ಕೂಲಿ ಮಾಡ್ತೀರಿ.

ಸುಮಾ: ನಾಲ್ಕು ಯಾರು ತರೋದು? ಎರಡೇ.

ವಿನಯ್: ಎರಡಾದರೂ ಗೇಟ್ ನೋಡಿಕೊಳ್ಳಿ. ಪಿರೇಯಸ್‌ನಲ್ಲಿ ಇ1ರಿಂದ ಇ12ರವರೆಗೆ ಇವೆ, ತಪ್ಪು ಕಡೆ ಇಳಿದರೆ ತುಂಬಾ ನಡೆಯಬೇಕು. ಹಿಂದಿನ ದಿನ ಮುಷ್ಕರ ಇದೆಯಾ ಅಂತಲೂ ನೋಡಬೇಕು. ಅಲ್ಲಿ ಬಸ್ಸು, ಮೆಟ್ರೋ ಅಷ್ಟೇ ಅಲ್ಲ, ಹಡಗುಗಳೂ ನಿಲ್ಲುತ್ತವೆ.

ಶ್ರೀಧರ: ಬಸ್ಸು ಮುಷ್ಕರ ಆದರೆ?

ಪಲ್ಲವಿ: ಟ್ಯಾಕ್ಸಿ.

ಶ್ರೀಧರ: ಅವರೂ ಮುಷ್ಕರ ಮಾಡಿದರೆ?

ಸುಮಾ: ಪರ್ಮಿಟ್ ಮಾಡಿಸಿ ಇಟ್ಕೊಳ್ಳಿ. ಆ ಫಾರ್ವರ್ಡ್ ಮಾತ್ರ ಡಿಲೀಟ್ ಮಾಡಿ, ನಮ್ಮಣ್ಣ ಆಗಲೇ ಇನ್ನೆರಡು ಗುಂಪಿಗೆ ಹಾಕಿದ್ದಾನೆ.