ಸತ್ತು ಮತ್ತೆ ಆಡಲು 4 ಸೆಕೆಂಡ್: ಯಾಕಿಷ್ಟು ದೀರ್ಘ ಅನ್ನಿಸುತ್ತದೆ?

ಪ್ರಶ್ನೆ: ಸರ್, ಯೂನಿಟಿ ಎಂಬ ಆಟ ತಯಾರಿಸುವ ತಂತ್ರಾಂಶದಲ್ಲಿ ಓಡಿ ಜಿಗಿಯುವ ಆಟ ಮಾಡುತ್ತಿದ್ದೇವೆ. ಪಾತ್ರ ಸತ್ತ ಮೇಲೆ ಮತ್ತೆ ಕೈಗೆ ಸಿಗಲು 4 ಸೆಕೆಂಡ್ ಹಿಡಿಯುತ್ತದೆ. ಆಡಿದವರೆಲ್ಲ "ಹತ್ತು ಸೆಕೆಂಡ್ ಆದ್ರೂ ಆಗುತ್ತೆ" ಅಂತಾರೆ. ಅದೇ ಜನ ಶುರುವಿನ 15 ಸೆಕೆಂಡ್ ಲೋಡಿಂಗ್ ಬಗ್ಗೆ ಚಕಾರ ಎತ್ತುವುದಿಲ್ಲ. ಲೋಡಿಂಗ್ ಇನ್ನೂ ಚುರುಕು ಮಾಡಬೇಕೇ?

ಉತ್ತರ: ಲೋಡಿಂಗ್‌ಗೆ ಆಮೇಲೆ ಕೈ ಹಾಕಿ. ಆಟ ಶುರುವಾಗುವ ಮುಂಚೆ ಆಡುವವರ ಮನಸ್ಸು ಇನ್ನೂ ಅದರೊಳಗೆ ಇಳಿದಿರುವುದಿಲ್ಲ. ಸತ್ತ ಕ್ಷಣ ಹಾಗಲ್ಲ. ಬೆರಳು ಬಟನ್ ಮೇಲೇ ಇದೆ, ಎಲ್ಲಿ ತಪ್ಪಿತು ಅಂತ ಗೊತ್ತಾಗಿದೆ, ಮುಂದಿನ ಜಿಗಿತ ತಲೆಯಲ್ಲಿ ತಯಾರಾಗಿದೆ. ಮಾಡಲು ಮಾತ್ರ ಏನೂ ಇಲ್ಲ. ಆಗ ಗಮನವೆಲ್ಲ ಹೊತ್ತಿನ ಮೇಲೆಯೇ ಬೀಳುತ್ತದೆ, ಬಿದ್ದಷ್ಟೂ ಹೊತ್ತು ಹಿಗ್ಗುತ್ತದೆ. ಒಂದು ಹಂತದಲ್ಲಿ 40 ಸಲ ಸತ್ತರೆ ಬರೀ ಕಾಯುವುದಕ್ಕೇ 160 ಸೆಕೆಂಡ್ ಹೋಯಿತು.

ಕಂಪ್ಯೂಟರ್ ಸ್ಪಂದಿಸುವ ಹೊತ್ತಿನ ಬಗ್ಗೆ ರಾಬರ್ಟ್ ಮಿಲ್ಲರ್ ಬರೆದ 1968ರ ಪ್ರಬಂಧದಿಂದ ಇವತ್ತಿನವರೆಗೆ ತಂತ್ರಾಂಶದವರು ಬಳಸುವ ಅಳತೆ ಹೀಗಿದೆ: 0.1 ಸೆಕೆಂಡ್ ಒಳಗೆ ಸ್ಪಂದಿಸಿದರೆ ತಕ್ಷಣ ಅನ್ನಿಸುತ್ತದೆ, 1 ಸೆಕೆಂಡ್ ದಾಟಿದರೆ ಯೋಚನೆಯ ಎಳೆ ಕಡಿಯುತ್ತದೆ, 10 ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ಸಾವಿನಿಂದ ಮರಳುವುದು 1 ಸೆಕೆಂಡ್ ಒಳಗೇ ಮುಗಿಯಬೇಕು.

ಮೊದಲು ಪರದೆಯನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ರೆಕಾರ್ಡ್ ಮಾಡಿ (ಒಂದು ಫ್ರೇಮ್ ಅಂದರೆ ಪರದೆಯಲ್ಲಿ ಬರುವ ಒಂದು ಚಿತ್ರ). ಪೆಟ್ಟು ಬಿದ್ದ ಫ್ರೇಮ್‌ನಿಂದ ಪಾತ್ರ ಬಟನ್‌ಗೆ ಸ್ಪಂದಿಸುವ ಫ್ರೇಮ್‌ವರೆಗೆ ಎಣಿಸಿ, ನಡುವೆ ಏನೇನು ಎಷ್ಟು ಫ್ರೇಮ್ ತಿಂದಿತು ಅಂತ ಬರೆದು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು: ಎಣಿಸಿದೆವು ಸರ್. ಬೀಳುವ ಅನಿಮೇಶನ್ 72, "ಸೋತಿರಿ" ಫಲಕ 60, ಪರದೆ ಕಪ್ಪಾಗಲು 30, ಸೀನ್ (ಆ ಹಂತದ ಇಡೀ ದೃಶ್ಯ) ಲೋಡ್ 48, ಮತ್ತೆ ಬೆಳಗಲು 30. ಒಟ್ಟು 240.

ಉತ್ತರ: ನೋಡಿ, ನಿಜವಾದ ಲೋಡಿಂಗ್ 48 ಫ್ರೇಮ್, ಅಂದರೆ 0.8 ಸೆಕೆಂಡ್. ಉಳಿದ 3.2 ಸೆಕೆಂಡ್ ನೀವೇ ಇಟ್ಟದ್ದು!

ಫಲಕ ತೆಗೆದುಬಿಡಿ, ಸೋತಿದ್ದು ಆಡುವವರಿಗೆ ಗೊತ್ತೇ ಇದೆ. ಬೀಳುವುದನ್ನು 20 ಫ್ರೇಮ್‌ಗೆ ಇಳಿಸಿ, ಪೆಟ್ಟಿನ ಸದ್ದು ಮತ್ತು ಹೊಳಪು ಮೊದಲ 2-3 ಫ್ರೇಮ್‌ನಲ್ಲೇ ಬರಲಿ. ಕಪ್ಪಾಗಲು 8 ಫ್ರೇಮ್ ಸಾಕು. ಬೆಳಗುವಾಗಲೇ ನಿಯಂತ್ರಣ ಕೊಟ್ಟುಬಿಡಿ, ಆಗ ಆ 30 ಫ್ರೇಮ್ ಕಾಯುವ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಸೀನ್ ಪೂರ್ತಿ ಮತ್ತೆ ಲೋಡ್ ಮಾಡುವುದೇ ಬೇಡ: ಪಾತ್ರ, ಶತ್ರು, ನಾಣ್ಯಗಳ ಆರಂಭದ ಸ್ಥಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಅದನ್ನೇ ಮರಳಿ ಹಾಕಿ. ಇಲ್ಲಿ ಸಾಮಾನ್ಯವಾಗಿ ಮರೆಯುವುದು ಹಾರುತ್ತಿರುವ ಗುಂಡುಗಳನ್ನು ಮತ್ತು ಓಡುತ್ತಿರುವ, ಕೆಲಸವನ್ನು ಹಲವು ಫ್ರೇಮಿಗೆ ಹಂಚುವ ಕೊರೂಟೀನ್‌ಗಳನ್ನು. ನಿಲ್ಲಿಸದಿದ್ದರೆ ಹಳೆಯ ಗುಂಡು ಹೊಸ ಜೀವವನ್ನು ಕೊಲ್ಲುತ್ತದೆ. ಸಂಗೀತ ಮಾತ್ರ ನಿಲ್ಲದೆ ಸಾಗಲಿ. ಪ್ರತಿ ಸಲ ಮೊದಲಿಂದ ಶುರುವಾದರೆ ಕಡಿತ ಎದ್ದು ಕಾಣುತ್ತದೆ.

ಸಾಯುವಾಗ ಸ್ಲೋ ಮೋಶನ್ ಇದೆಯೇ? ಇದ್ದರೆ ಇನ್ನೊಂದು ಬಲೆ: ಆಟದ ಕಾಲದ ವೇಗ ಹೇಳುವ ಟೈಮ್‌ಸ್ಕೇಲ್ 0.5 ಆದಾಗ 'ವೇಟ್‌ಫಾರ್‌ಸೆಕೆಂಡ್ಸ್' (ಇಷ್ಟು ಸೆಕೆಂಡ್ ಕಾಯಿ ಎನ್ನುವ ಆದೇಶ) ಕೂಡ ನಿಧಾನವಾಗಿ, ನೀವು ಬರೆದ 0.5 ಸೆಕೆಂಡ್ ಪರದೆಯ ಮೇಲೆ 1 ಸೆಕೆಂಡ್ ಆಗುತ್ತದೆ. ಅಲ್ಲಿ ನಿಜವಾದ ಹೊತ್ತು ಎಣಿಸುವ 'ವೇಟ್‌ಫಾರ್‌ಸೆಕೆಂಡ್ಸ್‌ರಿಯಲ್‌ಟೈಮ್' ಬಳಸಿ.

ಇನ್ನೊಬ್ಬರು: ನಮ್ಮ ಆಟದಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು 9 ಸೆಕೆಂಡ್ ಲೋಡಿಂಗ್ ಬೇಕೇ ಬೇಕು. ಲೋಡಿಂಗ್ ಎಷ್ಟಾಯಿತೆಂದು ತೋರಿಸುವ ಪಟ್ಟಿ ಶೇಕಡಾ 90ರವರೆಗೆ ಸರಸರ ಓಡಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಎಲ್ಲವೂ ಸ್ತಬ್ಧ.

ಉತ್ತರ: ಯೂನಿಟಿಯಲ್ಲಿ, ಲೋಡ್ ಆದ ಸೀನ್ ತಾನಾಗಿ ಶುರುವಾಗಲು ಬಿಡುವ 'ಅಲೋಸೀನ್‌ಆಕ್ಟಿವೇಶನ್' ಫಾಲ್ಸ್ (ಬೇಡ) ಅಂತ ಇಟ್ಟರೆ, ಲೋಡಿಂಗ್ ಎಷ್ಟು ಮುಗಿಯಿತೆಂದು ಹೇಳುವ ಪ್ರೋಗ್ರೆಸ್ 0.9ರಲ್ಲೇ ನಿಲ್ಲುತ್ತದೆ. ಹಾಗಾಗಿ ಬಂದ ಅಂಕಿಯನ್ನು 0.9ರಿಂದ ಭಾಗಿಸಿ, ಪಟ್ಟಿಯ ಮೊದಲ 70 ಭಾಗಕ್ಕೆ ಹೊಂದಿಸಿ. ಕೊನೆಯ 30 ಭಾಗ ನಿಮ್ಮದೇ ಸಿದ್ಧತೆಗೆ ಇರಲಿ. ಸ್ತಬ್ಧವಾಗುವುದು, ಸೀನ್‌ನ ವಸ್ತುಗಳು ಶುರುವಾಗುವಾಗ ಓಡುವ 'ಅವೇಕ್' ಮತ್ತು 'ಸ್ಟಾರ್ಟ್' ಒಳಗೆ ತುಂಬಿದ ಕೆಲಸ ಒಂದೇ ಫ್ರೇಮ್‌ನಲ್ಲಿ ನಡೆಯುವುದರಿಂದ. ಶತ್ರುಗಳನ್ನು ಹುಟ್ಟಿಸುವುದು, ದಾರಿ ಲೆಕ್ಕ ಹಾಕುವುದು ಇಂಥವನ್ನು ಕೊರೂಟೀನ್‌ಗೆ ಹಾಕಿ, ಫ್ರೇಮಿಗೆ 8 ಮಿಲಿಸೆಕೆಂಡ್ ಮೀರಿದ ಕೂಡಲೇ ಮುಂದಿನ ಫ್ರೇಮಿಗೆ ಬಿಡಿ. 60 ಫ್ರೇಮ್ ವೇಗದಲ್ಲಿ ಒಂದು ಫ್ರೇಮಿಗೆ ಇರುವುದೇ 16.7 ಮಿಲಿಸೆಕೆಂಡ್. ಒಟ್ಟು ಅರ್ಧ ಸೆಕೆಂಡ್ ಹೆಚ್ಚಾದರೂ ಪರವಾಗಿಲ್ಲ: ನಿಂತ ಪಟ್ಟಿ ನೋಡಿದವರಿಗೆ ಆಟವೇ ಕೆಟ್ಟಿತೋ ಅನ್ನುವ ಭಯ ಹುಟ್ಟುತ್ತದೆ, ಕಾಯುವುದನ್ನು ಅತಿ ಹೆಚ್ಚು ಉದ್ದ ಮಾಡುವುದು ಆ ಅನುಮಾನವೇ. ಪಟ್ಟಿ ಕೊನೆಗೆ ಬಂದಂತೆ ವೇಗ ಹೆಚ್ಚಿಸಿಕೊಂಡರೆ ಒಳ್ಳೆಯದು, ನಿಧಾನವಾಗಬಾರದು.

ಅದೇ ವ್ಯಕ್ತಿ: ಲಿಫ್ಟ್ ದೃಶ್ಯ ತೋರಿಸಿ ಮರೆಮಾಚಬಹುದೇ?

ಉತ್ತರ: ಹಳೆಯ, ಒಳ್ಳೆಯ ಉಪಾಯ. 1996ರ 'ರೆಸಿಡೆಂಟ್ ಈವಿಲ್' ಆಟ ಬಾಗಿಲು ತೆರೆಯುವ ದೃಶ್ಯದ ಹಿಂದೆ ಲೋಡಿಂಗ್ ಬಚ್ಚಿಟ್ಟಿತ್ತು. ಆದರೆ ಲಿಫ್ಟ್‌ನ ಅವಧಿಯನ್ನು 9 ಸೆಕೆಂಡ್ ಅಂತ ಕಟ್ಟಿಹಾಕಬೇಡಿ. ವೇಗದ ಎಸ್‌ಎಸ್‌ಡಿಯಲ್ಲಿ 2 ಸೆಕೆಂಡ್‌ಗೆ ಲೋಡ್ ಮುಗಿದರೂ ಆಡುವವರು 9 ಸೆಕೆಂಡ್ ಗೋಡೆ ನೋಡಬೇಕಾಗುತ್ತದೆ. ಏರುವ ಭಾಗವನ್ನು ಮತ್ತೆ ಮತ್ತೆ ಸುತ್ತುವ ಅನಿಮೇಶನ್ ಮಾಡಿ, ಲೋಡ್ ಮುಗಿದ ಸಂಕೇತ ಬಂದ ಕೂಡಲೇ ನಿಲ್ಲುವ ಭಾಗಕ್ಕೆ ಹಾರಿಸಿ. ಒಳಗೆ ಪಾತ್ರ ಓಡಾಡಲಿ, ಕ್ಯಾಮೆರಾ ತಿರುಗಲಿ. ಪರೀಕ್ಷೆ ಮಾತ್ರ ನಿಮ್ಮಲ್ಲಿರುವ ಅತಿ ನಿಧಾನದ ಯಂತ್ರದಲ್ಲಿ, ಆಟ ಕಟ್ಟುವ ಎಡಿಟರ್ ಬಿಟ್ಟು, ಆಡುವವರ ಕೈಗೆ ಕೊಡುವ ಬಿಲ್ಡ್‌ನಲ್ಲೇ ಮಾಡಿ. ಎಡಿಟರ್‌ನಲ್ಲಿ ಬರುವ ಲೋಡಿಂಗ್ ಅಂಕಿಯನ್ನು ನೆಚ್ಚಲಾಗದು.