ಗಜನಿ ಅಂದ್ರೆ ಯಾವ ಥರದ ಜಮೀನು? ಉತ್ತರ ಕನ್ನಡದವರು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ, ಒಂದು ಶಬ್ದದ ಬಗ್ಗೆ ಸಹಾಯ ಬೇಕಿತ್ತು. ನಮ್ಮ ಅತ್ತೆಯವರ ಕಡೆಯ ಹಳೇ ಪಾಲುಪತ್ರದಲ್ಲಿ "ಗಜನಿ ಗದ್ದೆ" ಅಂತ ಬರೆದಿದೆ, ಊರು ಕುಮಟಾ ಹತ್ರ, ಅಘನಾಶಿನಿ ನದಿ ದಂಡೆ. ನಾನು ದಾವಣಗೆರೆ ಕಡೆಯವಳು, ನಮ್ಮಲ್ಲಿ ತಗ್ಗಲ್ಲಿ ನೀರು ನಿಲ್ಲೋ ಜಾಗಕ್ಕೆ ಜೌಗು ಅಂತೀವಿ ಅಷ್ಟೇ.

ಕೇಳಿ ತಿಳಿದಿದ್ದು ಇಷ್ಟು: ನದಿ ಸಮುದ್ರ ಸೇರೋ ಕಡೆ ಭರತದ (ಸಮುದ್ರದ ಉಬ್ಬರದ) ಉಪ್ಪುನೀರು ಒಳಗೆ ಬರೋ ತಗ್ಗು ಭೂಮಿ, ಸುತ್ತ ಮಣ್ಣಿನ ಕಟ್ಟೆ, ನೀರು ಬಿಡೋಕೆ ತಡೆಯೋಕೆ ಮರದ ಹಲಗೆಯ ಬಾಗಿಲು, ಮಳೆಗಾಲದಲ್ಲಿ ಮಣ್ಣಿನ ಉಪ್ಪು ತೊಳೆದು ಹೋದ್ಮೇಲೆ ಕಗ್ಗ ಭತ್ತ ಬಿತ್ತೋದು, ಕೊಯ್ಲಾದ್ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಕಗ್ಗ ಉಪ್ಪನ್ನೂ ತಡ್ಕೊಳ್ಳತ್ತೆ, ಕೆಲವು ದಿನ ನೆರೆಯಲ್ಲಿ ಮುಳುಗಿದ್ರೂ ಸಾಯಲ್ಲ, ಇಂಥ ತಳಿ ಕಾಪಾಡಿಕೊಂಡು ಬಂದವರಿಗೆ ನಿಜವಾಗ್ಲೂ ಕೈ ಮುಗೀಬೇಕು.

ನನ್ನ ಪ್ರಶ್ನೆ, ಉಪ್ಪುನೀರು ಬರೋ ಗದ್ದೆಗೆ ಮಾತ್ರ ಗಜನಿ ಅಂತಾರಾ, ಇಲ್ಲ ಸಿಹಿನೀರಿನ ತಗ್ಗು ಗದ್ದೆಗೂ ಅಂತಾರಾ? ಕಟ್ಟೆ ಒಡೆದು ಬೇಸಾಯ ನಿಂತು ಕಾಂಡ್ಲಾ ಗಿಡ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್) ಬೆಳೆದಿದ್ರೆ ಆಗ್ಲೂ ಅದು ಗಜನಿನೇನಾ? ದಕ್ಷಿಣ ಕನ್ನಡದ ಕಡೆ ಎತ್ತರದ ಗದ್ದೆಗೆ ಬೆಟ್ಟು, ನಡುವಿನದಕ್ಕೆ ಮಜಲು, ತಗ್ಗಿನದಕ್ಕೆ ಬೈಲು ಅಂತಾರಲ್ಲ, ಅದರ ಬೈಲಿಗೂ ಇದಕ್ಕೂ ವ್ಯತ್ಯಾಸ ಏನು? ಪತ್ರದಲ್ಲಿ ಗಜನಿ, ಬೈಲು ಎರಡೂ ಬೇರೆ ಬೇರೆ ಸಾಲಲ್ಲಿ ಇವೆ, ಅದಕ್ಕೇ ಗೊಂದಲ.

ಮನೇಲಿ ಹಿರಿಯರಿದ್ರೆ ದಯವಿಟ್ಟು ಕೇಳಿ ಹೇಳಿ, ಅವರು ಆಡೋ ಮಾತಲ್ಲೇ ಬರೆದ್ರೂ ಪರವಾಗಿಲ್ಲ.